ಟೋಗಾಫ್ ಆಮೇಲೆ ಮಾಡಿ, ಮೊದಲು ಜರ್ಮನ್ ಕಲಿಯಿರಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಲ್ಲಿ ಜಾವಾ ಕೆಲಸ, ಈಗ ಟೆಕ್ ಲೀಡ್, ಜರ್ಮನಿಯ ಮಾನ್‌ಹೈಮ್ ಹತ್ತಿರದ ಯಂತ್ರ ತಯಾರಿಸುವ ಕಂಪನಿಯೊಂದು ಸೊಲ್ಯೂಷನ್ ಆರ್ಕಿಟೆಕ್ಟ್ ಅಂತ ಆಫರ್ ಕೊಟ್ಟಿದೆ. ಹೊರಡುವ ಮುಂಚೆ ಟೋಗಾಫ್ ಸರ್ಟಿಫಿಕೇಟ್ ಮಾಡಲೋ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಸರ್ಟಿಫಿಕೇಟ್ ಮಾಡಲೋ, ಇಂಗ್ಲಿಷ್‌ನಲ್ಲೇ ನಡೆಯುತ್ತದೆಯೇ, ಹೆಂಡತಿಗೂ ಅಲ್ಲಿ ಕೆಲಸ ಮಾಡಲು ಬಿಡುತ್ತಾರೆಯೇ. ಇಷ್ಟೇ ತಾನೇ ನೀವು ಕೇಳಿದ್ದು? ನಾನೂ ಇದೇ ಕಡೆ, ಇದೇ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ. ಸುತ್ತಿ ಬಳಸದೆ ಹೇಳುತ್ತೇನೆ.

ವೀಸಾಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐಟಿ ಇಲ್ಲಿ ಜನ ಸಾಲದ ಕೆಲಸಗಳ ಪಟ್ಟಿಯಲ್ಲಿದೆ. ಹಾಗಾಗಿ ಬ್ಲೂ ಕಾರ್ಡ್‌ಗೆ, ಅಂದರೆ ಓದಿದ ಹೊರದೇಶದವರಿಗೆ ಇಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿಗೆ, ಬೇಕಾದ ಕನಿಷ್ಠ ಸಂಬಳವೂ ಕಡಿಮೆ, ಆರ್ಕಿಟೆಕ್ಟ್ ಸಂಬಳ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ 'ಅನಾಬಿನ್' ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಎಚ್ ಪ್ಲಸ್ (ಮಾನ್ಯತೆ ಇದೆ ಅನ್ನುವ ಗುರುತು) ಇದೆಯೇ ಅಂತ ಮಾತ್ರ ನೋಡಿಕೊಳ್ಳಿ. ನಿಮ್ಮ ಮನೆಯವರು ಬರುವ ಮುಂಚೆ ಜರ್ಮನ್ ಪರೀಕ್ಷೆ ಬರೆಯಬೇಕಿಲ್ಲ, ಬಂದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು.

ಈಗ ಕೆಲಸದ ವಿಷಯ. ನೀವು ಕೇಳದೇ ಬಿಟ್ಟಿದ್ದು ಇದನ್ನೇ, ಆದರೆ ಮುಖ್ಯವಾದದ್ದೂ ಇದೇ.

ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಅನ್ನುವುದು ಎಷ್ಟೋ ಸಲ ಒಂದು ಬಡ್ತಿ ಅಷ್ಟೇ. ಟೆಕ್ ಲೀಡ್ ಆಗಿ ಐದಾರು ವರ್ಷ ಆಯಿತು, ಮ್ಯಾನೇಜರ್ ಆಗಲು ಮನಸ್ಸಿಲ್ಲ, ಸರಿ ಆರ್ಕಿಟೆಕ್ಟ್ ಮಾಡೋಣ ಅಂತಾರೆ. ಟೀಮಿನಲ್ಲಿ ಕೋಡ್ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದರೆ ಸಾಕು. ಇಲ್ಲಿ, ಅದರಲ್ಲೂ ಇಂಥ ಮಧ್ಯಮ ಗಾತ್ರದ ಕಂಪನಿಗಳಲ್ಲಿ, ಕೋಡ್ ಬಹುಪಾಲು ಹೊರಗಿನವರು ಬರೆಯುತ್ತಾರೆ, ಅವರಲ್ಲಿ ಅರ್ಧ ಜನ ನಮ್ಮ ಬೆಂಗಳೂರಿನವರೇ. ನಿಮ್ಮನ್ನು ಕರೆಸಿಕೊಳ್ಳುವುದು ಗೋದಾಮಿನವರು, ಲೆಕ್ಕಪತ್ರದವರು, ಐಟಿಯವರು, ಹೊರಗಿನ ಸಪ್ಲೈಯರು ಎಲ್ಲರನ್ನೂ ಕೂರಿಸಿ ಒಂದು ತೀರ್ಮಾನಕ್ಕೆ ತರಲಿಕ್ಕೆ, ಆ ತೀರ್ಮಾನವನ್ನು ಬರೆದಿಡಲಿಕ್ಕೆ, ಮೂರು ವರ್ಷ ಆದಮೇಲೆ ಯಾರಾದರೂ ಯಾಕೆ ಹೀಗೆ ಮಾಡಿದಿರಿ ಅಂದರೆ ಉತ್ತರ ಕೊಡಲಿಕ್ಕೆ.

ನಿಮ್ಮ ಆಫರ್‌ನಲ್ಲಿ ಎಸ್ಎಪಿ, ಅಂದರೆ ಕಂಪನಿಯ ಲೆಕ್ಕಪತ್ರ, ಗೋದಾಮು, ಆರ್ಡರ್ ಎಲ್ಲ ನಡೆಸುವ ಸಾಫ್ಟ್‌ವೇರ್ ಮಾಡುವವರು, ಅವರ ಹೆಸರೇ ಇಲ್ಲ ಅಂದಿರಿ. ಇರಲಿ, ಒಳಗೆ ಇದ್ದೇ ಇರುತ್ತದೆ. ಐಬಿಎಂ ಬಿಟ್ಟ ಐದು ಜನ 1972ರಲ್ಲಿ ವೈನ್‌ಹೈಮ್‌ನಲ್ಲಿ ಶುರು ಮಾಡಿದ ಕಂಪನಿ ಅದು, ಮುಖ್ಯ ಕಚೇರಿ ವಾಲ್‌ಡಾರ್ಫ್‌ನಲ್ಲಿ, ನೀವು ಇರಲಿರುವ ಜಾಗದಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಅವರ ಹಳೆಯ ಸಾಫ್ಟ್‌ವೇರ್ ಇಸಿಸಿಗೆ ಮಾಮೂಲು ಬೆಂಬಲ 2027ರ ಕೊನೆಗೆ ಮುಗಿಯುತ್ತದೆ, ಜಾಸ್ತಿ ದುಡ್ಡು ಕೊಟ್ಟರೆ 2030ರವರೆಗೆ ಎಳೆಯಬಹುದು. ಹಾಗಾಗಿ ಈ ಭಾಗದಲ್ಲಿ ಯಾರನ್ನು ಕೇಳಿದರೂ ಅದರ ಹೊಸ ಪೀಳಿಗೆ ಎಸ್/4ಹಾನಾಗೆ ಹೋಗುವ ಗಡಿಬಿಡಿ. ಕಂಪನಿಯವರು ಇಪ್ಪತ್ತು ವರ್ಷದಿಂದ ತಮಗೆ ಬೇಕಾದಂತೆ ಬರೆಸಿಕೊಂಡ ಪ್ರೋಗ್ರಾಂಗಳು ಸಾವಿರಗಟ್ಟಲೆ ಇರುತ್ತವೆ, ಹೆಸರೆಲ್ಲ ಝಡ್ ಅಥವಾ ವೈ ಅಕ್ಷರದಿಂದ ಶುರು. ಒಂದೊಂದನ್ನೂ ಮುಂದಿಟ್ಟುಕೊಂಡು ಇದು ಬೇಕೇ, ಎಸ್ಎಪಿಯಲ್ಲಿ ಈಗಾಗಲೇ ಇರುವುದರಲ್ಲೇ ಆಗುತ್ತದೆಯೇ, ಇಲ್ಲ ಹೊರಗೆ ಬೇರೆ ಆ್ಯಪ್ ಮಾಡಿ ಜೋಡಿಸಬೇಕೇ ಅಂತ ಕೇಳಬೇಕು. ನಿಮ್ಮಂಥ ಜಾವಾದವರು ಬೇಕಾಗುವುದು ಆ ಕೊನೆಯ ಜಾಗದಲ್ಲಿ. ಆದರೆ ಉತ್ತರ ಕೋಡ್‌ನಲ್ಲಿ ಇರುವುದಿಲ್ಲ. ಸ್ಪೇರ್ ಪಾರ್ಟ್ಸ್ ವಿಭಾಗದಲ್ಲಿ ಇನ್ನೆರಡು ವರ್ಷಕ್ಕೆ ನಿವೃತ್ತಿ ಆಗುವ ಒಬ್ಬರು ಇರುತ್ತಾರೆ ನೋಡಿ, "ಅದನ್ನು ತೆಗೆದರೆ ಟರ್ಕಿಗೆ ಹೋಗುವ ಮಾಲು ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ" ಅಂತ ಕಾಫಿ ಕುಡಿಯುತ್ತಾ ಹೇಳುವುದು ಅವರೇ. ಹೇಳುವುದು ಜರ್ಮನ್‌ನಲ್ಲಿ, ಅದೂ ಪ್ಫಾಲ್ಸ್ ಕಡೆಯ ಆಡುಮಾತಿನಲ್ಲಿ!

ಇನ್ನೊಂದು ವಿಷಯ, ಬೆಂಗಳೂರಿನಲ್ಲಿ ಯಾವ ಕೋರ್ಸ್‌ನಲ್ಲೂ ಹೇಳಿಕೊಡುವುದಿಲ್ಲ. ಇಲ್ಲಿ ಕಂಪನಿಗಳಲ್ಲಿ ಬೆಟ್ರೀಬ್ಸ್‌ರಾಟ್ ಅಂತ ಇರುತ್ತದೆ, ನೌಕರರೇ ಚುನಾವಣೆ ಮಾಡಿ ಆರಿಸಿದ ಮಂಡಳಿ. ನಮ್ಮ ಯೂನಿಯನ್ ಥರ ಅಂದುಕೊಳ್ಳಬೇಡಿ, ಇದು ಬೇರೆ. ನೌಕರರ ನಡತೆ ಅಥವಾ ಕೆಲಸದ ಮೇಲೆ ಕಣ್ಣಿಡಬಲ್ಲ ಯಾವ ಸಿಸ್ಟಂ ತಂದರೂ ಇವರ ಒಪ್ಪಿಗೆ ಬೇಕು ಅಂತ ಈ ಮಂಡಳಿಗಳ ಬಗ್ಗೆ ಇರುವ 1972ರ ಕಾನೂನಿನ 87ನೇ ಕಲಮಿನಲ್ಲಿದೆ. ಕಣ್ಣಿಡುವ ಉದ್ದೇಶ ಇರಬೇಕಿಲ್ಲ, ಕಣ್ಣಿಡಲು ಸಾಧ್ಯವಾದರೆ ಸಾಕು ಅಂತ ಕೋರ್ಟ್‌ಗಳು ಹೇಳಿವೆ. ಲಾಗಿನ್ ಮತ್ತು ಟೈಮ್‌ಸ್ಟ್ಯಾಂಪ್ ಇಲ್ಲದ ಸಾಫ್ಟ್‌ವೇರ್ ಎಲ್ಲಿದೆ ಹೇಳಿ? ಅಂದರೆ ಹೆಚ್ಚುಕಡಿಮೆ ಎಲ್ಲವೂ ಅವರ ಮೇಜಿಗೆ ಹೋಗುತ್ತದೆ.

ಒಂದು ಪ್ರಾಜೆಕ್ಟ್‌ನಲ್ಲಿ ಗಿರಾಕಿಗಳ ಕಾರ್ಖಾನೆಗೆ ಹೋಗಿ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿಗೆ ಮೊಬೈಲ್ ಆ್ಯಪ್ ಮಾಡುತ್ತಿದ್ದೆವು. ಹತ್ತಿರ ಇರುವವರಿಗೆ ಮುಂದಿನ ಕೆಲಸ ಕೊಡಬೇಕು, ಅದಕ್ಕೆ ಫೋನು ಎಲ್ಲಿದೆ ಅಂತ ಆಗಾಗ ಕ್ಲೌಡ್‌ಗೆ ಕಳಿಸುವ ಯೋಚನೆ. ಡೇಟಾ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಡಿಸೈನ್ ಚಿತ್ರವನ್ನು ಮಂಡಳಿಯ ಮುಂದೆ ಇಟ್ಟೆವು. ಅಸೆಂಬ್ಲಿ ಲೈನಿನಿಂದ ಬಂದ ಹೆಂಗಸೊಬ್ಬರು ಅದರಲ್ಲಿದ್ದ ಒಂದೇ ಒಂದು ಬಾಣದ ಮೇಲೆ ಬೆರಳಿಟ್ಟು ಕೇಳಿದರು: ಇದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ, ಊಟದ ಹೊತ್ತಿನಲ್ಲೂ ಹೋಗುತ್ತದೆಯೇ? ಕೊನೆಗೆ ಕೆಲಸ ಒಪ್ಪಿಕೊಂಡಾಗ ಒಮ್ಮೆ, ಮುಗಿಸಿದಾಗ ಒಮ್ಮೆ ಮಾತ್ರ ಜಾಗ ದಾಖಲಾಗುವಂತೆ ಆಯಿತು, ರಿಪೋರ್ಟ್‌ನಲ್ಲಿ ಹೆಸರು ಬರದಂತೆ ಆಯಿತು. ಮೆಸೇಜ್‌ಗಳೂ ಕಡಿಮೆ ಆದವು, ಬ್ಯಾಟರಿಯೂ ಉಳಿಯಿತು. ನನ್ನ ಪ್ರಕಾರ ಮೊದಲಿನದಕ್ಕಿಂತ ಒಳ್ಳೆಯ ಡಿಸೈನ್ ಅದು. ಆದರೆ ಮಂಡಳಿಯ ಹತ್ತಿರ ಮೊದಲೇ ಹೋಗದೆ ಗೋ-ಲೈವ್‌ಗೆ (ಸಿಸ್ಟಂ ಬಳಕೆಗೆ ಬರುವ ದಿನಕ್ಕೆ) ಎರಡು ವಾರ ಇರುವಾಗ ಹೋದವರ ಪ್ರಾಜೆಕ್ಟ್‌ಗಳು ತಿಂಗಳುಗಟ್ಟಲೆ ಕೂತಿದ್ದನ್ನು ನೋಡಿದ್ದೇನೆ. ಡೇಟಾ ಸಂರಕ್ಷಣೆಯ ಅಧಿಕಾರಿಯದ್ದೂ ಇದೇ ಕಥೆ. 2020ರ ಜುಲೈನಲ್ಲಿ ಯುರೋಪಿನ ಕೋರ್ಟು ಅಮೆರಿಕಕ್ಕೆ ಡೇಟಾ ಕಳಿಸುವ ಪ್ರೈವಸಿ ಶೀಲ್ಡ್ ಒಪ್ಪಂದವನ್ನು ಹೊಡೆದುಹಾಕಿತು, 2023ರಲ್ಲಿ ಹೊಸ ವ್ಯವಸ್ಥೆ ಬಂತು. ಆದರೂ "ಸರ್ವರ್ ಎಲ್ಲಿದೆ?" ಅನ್ನುವುದು ಈಗಲೂ ಮೀಟಿಂಗಿನ ಮೊದಲ ಪ್ರಶ್ನೆ.

ಸರ್ಟಿಫಿಕೇಟ್‌ಗಳಿಗೆ ಬರೋಣ. ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ನಲ್ಲಿ 65 ಪ್ರಶ್ನೆ, 130 ನಿಮಿಷ, ಮೂರು ವರ್ಷಕ್ಕೆ ಮತ್ತೆ ಬರೆಯಬೇಕು. ಒಳ್ಳೆಯ ಪರೀಕ್ಷೆಯೇ, ಯಾವ ಸರ್ವಿಸ್ ಎಲ್ಲಿ ಅಂತ ತಲೆಗೆ ಹತ್ತುತ್ತದೆ. ಆದರೆ ಆಫರ್ ಕೈಯಲ್ಲಿರುವಾಗ ಅವಸರ ಏನು? ನೀವು ಸೇರುವ ಕಂಪನಿ ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನಲ್ಲಿದೆಯೇ ಅಂತ ಮೊದಲು ಕೇಳಿ, ನಾನು ನೋಡಿದ ಇಂಥ ಕಂಪನಿಗಳಲ್ಲಿ ಮೈಕ್ರೋಸಾಫ್ಟ್ ಕಡೆಯೇ ಒಲವು. ಟೋಗಾಫ್ ಬೇರೆ ಜಾತಿ. ಅದು ಇಡೀ ಕಂಪನಿಯ ಐಟಿಯನ್ನು ಹತ್ತು ವರ್ಷ ಮುಂದೆ ನೋಡುವ ಎಂಟರ್‌ಪ್ರೈಸ್ ಆರ್ಕಿಟೆಕ್ಟ್‌ಗಳದ್ದು, 2022ರಲ್ಲಿ ಹತ್ತನೇ ಆವೃತ್ತಿ ಬಂದಿದೆ. ಅದರ ಪದಗಳು ಗೊತ್ತಿದ್ದರೆ ಒಳ್ಳೆಯದು, ನೀವು ಕೂರುವ ಕುರ್ಚಿಗೆ ಅದು ಈಗಲೇ ಬೇಕಿಲ್ಲ.

ಇಲ್ಲಿನವರು ಗುರುತಿಸುವುದು ಐಎಸ್ಎಕ್ಯೂಬಿ ಅನ್ನುವ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಸಂಸ್ಥೆಯ ಫೌಂಡೇಶನ್ ಪರೀಕ್ಷೆಯನ್ನು. ಜರ್ಮನಿಯಲ್ಲೇ ಹುಟ್ಟಿದ್ದು, ಇಂಗ್ಲಿಷ್‌ನಲ್ಲೂ ಬರೆಯಬಹುದು. ಅದರ ಜೊತೆಗೇ ಸಿಗುವುದು ಆರ್ಕ್42, ಗೆರ್ನೋಟ್ ಸ್ಟಾರ್ಕೆ ಮತ್ತು ಪೀಟರ್ ಹ್ರುಶ್ಕಾ ಮಾಡಿದ ಪುಕ್ಕಟೆ ನಮೂನೆ, ಆರ್ಕಿಟೆಕ್ಚರ್ ದಾಖಲೆಗೆ 12 ಭಾಗ. ಇವತ್ತೇ ಇಳಿಸಿಕೊಂಡು ನಿಮ್ಮ ಈಗಿನ ಪ್ರಾಜೆಕ್ಟನ್ನು ಅದರಲ್ಲಿ ತುಂಬಿ ನೋಡಿ. ಒಂಬತ್ತನೇ ಭಾಗ ತೀರ್ಮಾನಗಳದ್ದು, ಅಲ್ಲಿ ಕೈ ನಿಲ್ಲುತ್ತದೆ. ಸಿಸ್ಟಂಗಳ ನಡುವೆ ಮೆಸೇಜ್ ಸಾಗಿಸಲು ಕಾಫ್ಕಾ ಯಾಕೆ ಹಾಕಿದಿರಿ? ಬೇರೆ ಏನೇನು ಯೋಚಿಸಿದ್ದಿರಿ? ಹಾಕಿದ್ದರಿಂದ ಕಷ್ಟ ಯಾರಿಗೆ? ಒಂದೊಂದು ತೀರ್ಮಾನಕ್ಕೂ ಒಂದು ಪುಟ: ಪರಿಸ್ಥಿತಿ, ತೀರ್ಮಾನ, ಪರಿಣಾಮ. ಮೈಕೆಲ್ ನೈಗಾರ್ಡ್ 2011ರಲ್ಲಿ ಹೇಳಿದ ಈ ಎಡಿಆರ್ (ಆರ್ಕಿಟೆಕ್ಚರ್ ತೀರ್ಮಾನದ ದಾಖಲೆ) ಪದ್ಧತಿ ಈಗ ಎಲ್ಲ ಕಡೆ ಇದೆ. ಅಂಥ ನಾಲ್ಕು ಪುಟ ಬರೆದು ಅಭ್ಯಾಸ ಮಾಡಿಕೊಂಡು ಬಂದವರು ಮೂರು ಸರ್ಟಿಫಿಕೇಟ್ ಹಿಡಿದು ಬಂದವರಿಗಿಂತ ಬೇಗ ನೆಲೆ ನಿಲ್ಲುತ್ತಾರೆ. ನಾವು ಇಂಟರ್‌ವ್ಯೂನಲ್ಲಿ ಕೇಳುವುದೂ ಸರ್ವಿಸ್‌ಗಳ ಹೆಸರನ್ನಲ್ಲ. "ಬೆಳಿಗ್ಗೆ ಆರಕ್ಕೆ ಇಆರ್‌ಪಿ (ಎಸ್ಎಪಿಯಂಥ ಸಿಸ್ಟಂ) ಬಿತ್ತು, ಗೇಟಿನಲ್ಲಿ ಲಾರಿಗಳು ನಿಂತಿವೆ. ಗೋದಾಮಿನವರು ಏನು ಮಾಡಬೇಕು?" ಅಂತ ಕೇಳುತ್ತೇವೆ. ಕೆಲವರು ತಕ್ಷಣ ಎರಡನೇ ಡೇಟಾ ಸೆಂಟರ್ ಚಿತ್ರ ಬರೆಯಲು ಹೋಗುತ್ತಾರೆ. ನನಗೆ ಇಷ್ಟವಾಗುವವರು "ಎಷ್ಟು ಹೊತ್ತು ನಿಂತರೆ ಎಷ್ಟು ನಷ್ಟ?" ಅಂತ ಮೊದಲು ಕೇಳುವವರು.

ಭಾಷೆ. ನಿಮ್ಮ ಟೀಮ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಕೋಡ್ ಇಂಗ್ಲಿಷ್‌ನಲ್ಲಿರುತ್ತದೆ, ಎಚ್ಆರ್ ಕೂಡ ಇಂಗ್ಲಿಷ್ ಮಾತಾಡುತ್ತದೆ. ಡೆವಲಪರ್ ಆಗಿ ಬಂದವರು ಹೀಗೇ ವರ್ಷಗಟ್ಟಲೆ ಇದ್ದಾರೆ. ಆರ್ಕಿಟೆಕ್ಟ್‌ಗೆ ಅದು ನಡೆಯುವುದಿಲ್ಲ. ಮೇಲೆ ಹೇಳಿದ ಸ್ಪೇರ್ ಪಾರ್ಟ್ಸ್ ಹಿರಿಯರು, ಮಂಡಳಿಯವರು, ಗಿರಾಕಿ ಬರೆದುಕೊಡುವ ಬೇಡಿಕೆಯ ದಾಖಲೆ, ಎಲ್ಲ ಜರ್ಮನ್. ನಿಮಗಾಗಿ ಹತ್ತು ನಿಮಿಷ ಇಂಗ್ಲಿಷ್ ಮಾತಾಡಿ ವಾದ ಜೋರಾದ ಕೂಡಲೇ ತಮ್ಮ ಭಾಷೆಗೆ ಇಳಿಯುತ್ತಾರೆ, ತೀರ್ಮಾನ ಆಗುವುದು ಆಗಲೇ. ನೋಟಿಸ್ ಪಿರಿಯಡ್ ಮೂರು ತಿಂಗಳು ಇದೆ ಅಂದಿರಲ್ಲ, ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನಕ್ಕೆ ಸೇರಿ ಜರ್ಮನ್‌ನ ಮೊದಲ ಹಂತ ಎ1 ಮುಗಿಸಿಕೊಂಡೇ ಬನ್ನಿ, ಸಾಧ್ಯವಾದರೆ ಮುಂದಿನ ಹಂತ ಎ2ನೂ ಶುರು ಮಾಡಿ. ಇದರಲ್ಲಿ ಇನ್ನೊಂದು ಲಾಭವಿದೆ: ಬ್ಲೂ ಕಾರ್ಡ್‌ನವರಿಗೆ ಎ2 ಆದಮೇಲಿನ ಹಂತ ಬಿ1 ಇದ್ದರೆ 21 ತಿಂಗಳಿಗೆ ಖಾಯಂ ವಾಸದ ಪರವಾನಗಿ ಸಿಗುತ್ತದೆ, ಎ1 ಮಾತ್ರ ಇದ್ದರೆ 27 ತಿಂಗಳು.

ಉಳಿದದ್ದು ಬಂದ ಮೇಲೆ ತಾನಾಗೇ ಗೊತ್ತಾಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು ತರಕಾರಿ ತಂದಿಟ್ಟುಕೊಳ್ಳಿ. ಬಾಡಿಗೆ ಮನೆ ಸಿಗುವುದು ಕಷ್ಟ, ಮೊದಲ ಕೆಲವು ತಿಂಗಳಿಗೆ ಕಂಪನಿಯೇ ವ್ಯವಸ್ಥೆ ಮಾಡಲಿ ಅಂತ ಈಗಲೇ ಕೇಳಿ. ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ ಇದೆ, ರಾಜ್ಯೋತ್ಸವಕ್ಕೆ ಹೋದರೆ ನಾಲ್ಕು ಜನ ಪರಿಚಯ ಆಗುತ್ತಾರೆ.

ಸಹಿ ಹಾಕುವ ಮುಂಚೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರುವ ಮ್ಯಾನೇಜರ್‌ಗೆ ಎರಡು ಪ್ರಶ್ನೆ ಕಳಿಸಿ. ಸ್ಟೀರಿಂಗ್ ಕಮಿಟಿ (ಪ್ರಾಜೆಕ್ಟ್‌ನ ದೊಡ್ಡ ತೀರ್ಮಾನಗಳನ್ನು ಮಾಡುವ ಸಭೆ) ಯಾವ ಭಾಷೆಯಲ್ಲಿ ನಡೆಯುತ್ತದೆ? ಆರ್ಕಿಟೆಕ್ಟ್ ಬೇಡ ಅಂದದ್ದನ್ನು ವಿಭಾಗದ ಮುಖ್ಯಸ್ಥ ಬೇಕು ಅಂದರೆ ಕೊನೆಯ ಮಾತು ಯಾರದ್ದು? ಉತ್ತರ ಬಂದಾಗ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.