ಪ್ರತಿಕ್ರಿಯೆ: ಎಲ್ಲರಿಗೂ ಹೇಳಿಕೊಂಡರೆ ಓದು ಸಾಗುತ್ತದೆಯೇ?

ಕೆಎಎಸ್ ಮಾಡ್ತೀನಿ ಅಂತ ನೆಂಟರಿಗೆಲ್ಲ ಹೇಳಿಬಿಟ್ಟರೆ ಆ ಹೆಮ್ಮೆಯೇ ಓದಿಸುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಹೇಳಬೇಡಿ. 2009ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ತಂಡ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಗುರಿ ಇನ್ನೊಬ್ಬರ ಗಮನಕ್ಕೆ ಬಂದವರು ಅದಕ್ಕಾಗಿ ಕಡಿಮೆ ದುಡಿದರು; ಗುರಿಯ ಹತ್ತಿರ ಬಂದೆ ಎಂಬ ಭಾವ ಆಗಲೇ ಹುಟ್ಟಿರುತ್ತದೆ.

ಮಾಡಿ ಮುಗಿಸಿದ ಕೆಲಸದ ಹೆಮ್ಮೆ ಬೇರೆ. ವಿಲಿಯಮ್ಸ್ ಮತ್ತು ಡೆಸ್ಟೆನೊ ಎಂಬ ಮನಶ್ಶಾಸ್ತ್ರಜ್ಞರ 2008ರ ಪ್ರಯೋಗದಲ್ಲಿ, ಚೆನ್ನಾಗಿ ಮಾಡಿದಿರೆಂದು ಹೊಗಳಿಸಿಕೊಂಡವರು ಮುಂದಿನ ಬೇಸರದ ಕೆಲಸವನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಬಿಡದೆ ಮಾಡಿದರು. ಹಾಗಾಗಿ ಮಲಗುವ ಮುಂಚೆ ಅಂದು ಮುಗಿಸಿದ್ದನ್ನಷ್ಟೇ ಬರೆದಿಡಿ: ‘ಸಂವಿಧಾನ, ವಿಧಿ 12ರಿಂದ 35, ಹಳೆಯ ಪ್ರಶ್ನೆ 20, ತಪ್ಪು 7’. ತಪ್ಪಿನ ಲೆಕ್ಕ ಮಾತ್ರ ಬಿಡಲೇಬೇಡಿ! ‘ನಾನು ಬುದ್ಧಿವಂತ’ ಅನ್ನುವ ಹೆಮ್ಮೆ ಒಂದು ಪ್ರಿಲಿಮ್ಸ್ ಕೈಕೊಟ್ಟರೆ ಪುಸ್ತಕವನ್ನೇ ಮುಚ್ಚಿಸಿಬಿಡುತ್ತದೆ. ಯಾರಿಗಾದರೂ ಹೇಳಲೇಬೇಕಿದ್ದರೆ, ಭಾನುವಾರ ಆ ಪಟ್ಟಿ ಹಿಡಿದು ಪ್ರಶ್ನೆ ಕೇಳುವ ಒಬ್ಬರಿಗೆ ಹೇಳಿ.