ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಮಾತು ಅರ್ಥವಾದರೂ ಹಾಡು ಯಾಕೆ ಸರಿಯಾಗಿ ಕೇಳಿಸುವುದಿಲ್ಲ?

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಕಿವಿ ಕೇಳದವರ ಒಳಕಿವಿಯಲ್ಲಿ ಕೂರಿಸುವ, ಸದ್ದನ್ನು ಕರೆಂಟಾಗಿ ನರಕ್ಕೆ ಮುಟ್ಟಿಸುವ ಸಾಧನ. ಇದು ಸದ್ದು ಜೋರಾಗುವ, ಮೆಲ್ಲಗಾಗುವ ಏರಿಳಿತವನ್ನು ಚೆನ್ನಾಗಿ ದಾಟಿಸುತ್ತದೆ, ಸ್ವರದ ಸೂಕ್ಷ್ಮವನ್ನು ಅಷ್ಟಾಗಿ ಅಲ್ಲ. ಮಾತು ಅರ್ಥವಾಗಲು ಏರಿಳಿತವೇ ಬಹುಪಾಲು ಸಾಕು.

ನಮ್ಮ ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ಮುಟ್ಟಿಸುವ ಕೂದಲು ಕೋಶಗಳು ಸುಮಾರು 3,500. ಇಂಪ್ಲಾಂಟ್‌ನಲ್ಲಿ ಅಷ್ಟೂ ಕೆಲಸ ಮಾಡಬೇಕಾದ, ನರಕ್ಕೆ ಕರೆಂಟು ಕೊಡುವ ಪುಟ್ಟ ಎಲೆಕ್ಟ್ರೋಡ್‌ಗಳು ಸಾಮಾನ್ಯವಾಗಿ 12ರಿಂದ 22 ಅಷ್ಟೇ. ಸಾಲದ್ದಕ್ಕೆ, ಒಂದರ ಕರೆಂಟು ಪಕ್ಕದ್ದರ ಜಾಗಕ್ಕೂ ಹರಡುತ್ತದೆ. ಹಾಗಾಗಿ ತಾಳ ಸಲೀಸಾಗಿ ಸಿಗುತ್ತದೆ, ಅಕ್ಕಪಕ್ಕದ ಎರಡು ಸ್ವರಗಳು ಮಾತ್ರ ಕಲಸಿಹೋಗುತ್ತವೆ. ಹಲವು ವಾದ್ಯ ಒಟ್ಟಿಗೆ ನುಡಿದರಂತೂ ಸುಮ್ನೆ ಗದ್ದಲ!

ಮಾತೂ ಮೊದಲ ದಿನವೇ ತಿಳಿಯಾಗಿ ಕೇಳಿಸುವುದಿಲ್ಲ. ಎಷ್ಟೋ ಜನರಿಗೆ ರೋಬೋಟ್ ದನಿ, ಕೆಲವರಿಗೆ ಬರೀ ಬೀಪ್. ಮಿದುಳು ಇದಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಒಗ್ಗಿದ ಮೇಲೂ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಕಷ್ಟ ಜಾಸ್ತಿ.