ಆ ಹುಡುಗ ಬೆರಳು ಮುಚ್ಚಿಟ್ಟುಕೊಂಡಿದ್ದೇಕೆ?

ಪ್ರಶ್ನೆ: ನನಗೆ 29 ವರ್ಷ. ಎಂಟು ವರ್ಷದ ಹಿಂದೆ ಸಪ್ಲೈಯರ್ ಆಗಿ ಸೇರಿದ ರೆಸ್ಟೋರೆಂಟ್‌ನಲ್ಲೇ ನಾಲ್ಕು ತಿಂಗಳಿಂದ ಸೂಪರ್‌ವೈಸರ್ ಆಗಿದ್ದೇನೆ. ನಮ್ಮ ಹೆಡ್ ಕುಕ್ ಐವತ್ತು ದಾಟಿದವರು. ನನಗೆ ಈ ಕೆಲಸ ಕಲಿಸಿದ್ದೇ ಅವರು. ಇವತ್ತಿಗೂ ಅಣ್ಣ ಅಂತಲೇ ಕರೆಯುತ್ತೇನೆ. ಅವರ ಕೈರುಚಿಗೆ ಎರಡು ಮಾತಿಲ್ಲ. ಆದರೆ ರಶ್ ಶುರುವಾದರೆ ಬಾಯಿಗೆ ಹಿಡಿತವೇ ಇರುವುದಿಲ್ಲ. ಹುಡುಗರನ್ನು ಅಪ್ಪ ಅಮ್ಮನ ಸಮೇತ ಬೈಯುತ್ತಾರೆ. ನಾಲ್ಕು ತಿಂಗಳಲ್ಲಿ ಮೂವರು ಕೆಲಸ ಬಿಟ್ಟರು. ಮಾಲೀಕರಿಗೆ ಹೇಳಿದರೆ ‘ನೀನೇ ನೋಡ್ಕೊಳ್ಳಮ್ಮ, ಅವರು ಹೋದ್ರೆ ಅಡುಗೆಮನೆ ನಿಂತುಹೋಗುತ್ತೆ’ ಅನ್ನುತ್ತಾರೆ. ಹೋದ ವಾರ ತರಕಾರಿ ಹೆಚ್ಚುವ ಹುಡುಗ ಬೆರಳು ಕೊಯ್ದುಕೊಂಡು, ಟಿಶ್ಯೂ ಸುತ್ತಿಕೊಂಡು ಹಾಗೇ ಕೆಲಸ ಮಾಡುತ್ತಿದ್ದ. ಯಾಕೆ ಹೇಳಲಿಲ್ಲ ಅಂದರೆ ‘ಗೊತ್ತಾದ್ರೆ ಬೈತಾರೆ ಅಕ್ಕ’ ಅಂದ. ಆಗಲೂ ನಾನು ಅಣ್ಣನಿಗೆ ಏನೂ ಹೇಳಲಿಲ್ಲ. ಕಲಿಸಿದವರಿಗೇ ಬುದ್ಧಿ ಹೇಳುವುದು ಹೇಗೆ? ಉಂಡ ಮನೆಗೆ ಎರಡು ಬಗೆದ ಹಾಗಾಗಲ್ವಾ?

ಉತ್ತರ: ಅಣ್ಣನ ಬಗ್ಗೆ ಇಷ್ಟುದ್ದ ಬರೆದಿದ್ದೀರಿ, ಬೆರಳಿನ ಬಗ್ಗೆ ಎರಡು ಮೂರು ಸಾಲು. ಪತ್ರ ಮಡಿಸಿಟ್ಟ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಆ ಬೆರಳೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೊಯ್ದ ಗಾಯದಲ್ಲಿ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸುಲಭವಾಗಿ ಮನೆ ಮಾಡುತ್ತದೆ. ಅದು ಅಡುಗೆಗೆ ಬಿದ್ದು, ಆ ಅಡುಗೆ ಬೆಚ್ಚಗಿನ ಜಾಗದಲ್ಲಿ ಕೆಲವು ಗಂಟೆ ಕೂತರೆ, ಬೆಳೆದು ವಿಷ ಬಿಡುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹೋಗುವುದಿಲ್ಲ. ಅದಕ್ಕೇ ಬೆರಳು ಕೊಯ್ದುಕೊಂಡವರು ಗಾಯ ತೊಳೆದು, ನೀರು ಇಳಿಯದ ಪ್ಲಾಸ್ಟರ್ ಹಾಕಿ, ಅದರ ಮೇಲೆ ಗ್ಲೌಸ್ ಹಾಕಬೇಕು ಅನ್ನುವುದು. ರಕ್ತ ತಾಗಿದ ತರಕಾರಿ ಕಸಕ್ಕೆ. ಇದು ನಿಮ್ಮ ಅಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಗಾಯ ಆಗಿದೆ ಅನ್ನುವುದೇ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ಮಾಡಿಕೊಂಡಿದ್ದು ಅವರದೇ ಬಾಯಿ.

ನನ್ನದೂ ಒಂದು ಕಥೆ ಇದೆ. ಓದುವ ದಿನಗಳಲ್ಲಿ ಒಂದು ಕ್ಯಾಂಟೀನ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ದೊಡ್ಡ ಫ್ರಿಜ್‌ನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಹಿಂದಿನ ರಾತ್ರಿ ಕೊನೆಗೆ ಮುಚ್ಚಿದವನು ನಾನೇ. ಒಳಗಿದ್ದದ್ದೆಲ್ಲ ಬೆಚ್ಚಗಾಗಿತ್ತು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯೇ ಬ್ಯಾಕ್ಟೀರಿಯಾಗೆ ಹಬ್ಬ ಅಂತ ನಮಗೆ ಹೇಳಿಕೊಟ್ಟಿದ್ದರು. ರಾತ್ರಿಯೆಲ್ಲ ಹಾಗೆ ಕೂತಿದ್ದನ್ನು ಎಸೆಯಬೇಕು ಅಂತಲೂ ಗೊತ್ತಿತ್ತು. ಆದರೆ ನಮ್ಮ ಮೇಸ್ತ್ರಿಯ ಮುಖ ಕಣ್ಣ ಮುಂದೆ ಬಂತು. ಸುಮ್ನೆ ಬಾಗಿಲು ಮುಚ್ಚಿ ಬಂದೆ. ಯಾರಿಗೂ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಆ ಮೇಸ್ತ್ರಿ ತಮ್ಮ ಅಡುಗೆಮನೆಯಲ್ಲಿ ತಪ್ಪೇ ಆಗುವುದಿಲ್ಲ ಅಂತ ಕೊನೆಯವರೆಗೂ ನಂಬಿದ್ದರು.

ಬೈದರೆ ತಪ್ಪು ಕಡಿಮೆಯಾಗುತ್ತದೆ ಅನ್ನುವುದು ಹಳಬರ ಲೆಕ್ಕ. ಬೈಯುವವರ ಕಿವಿಗೆ ಬೀಳುವ ತಪ್ಪು ಕಡಿಮೆಯಾಗುತ್ತದೆ, ಅಷ್ಟೇ. ಇವತ್ತು ಬೆರಳು ಮುಚ್ಚಿಟ್ಟವನು ನಾಳೆ ವಾಂತಿ ಭೇದಿ ಆಗಿದ್ದರೂ ಬಾಯಿ ಬಿಡದೆ ಡ್ಯೂಟಿಗೆ ಬರುತ್ತಾನೆ. ಅಂಥವರು ವಾಂತಿ ಭೇದಿ ಪೂರ್ತಿ ನಿಂತ ಮೇಲೂ 48 ಗಂಟೆ ಅಡುಗೆಯ ಹತ್ತಿರ ಬರಬಾರದು. ಹಾಗಾಗಿ ನಿಮ್ಮ ಮುಂದಿರುವುದು ಗುರುವಿಗೆ ಬುದ್ಧಿ ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ. ತಟ್ಟೆ ಮುಂದೆ ಕೂತ ಗಿರಾಕಿಯ ಹೊಟ್ಟೆ ಪ್ರಶ್ನೆ ಅದು. ಅದನ್ನು ನೋಡಿಕೊಳ್ಳುವುದಕ್ಕೇ ನಿಮ್ಮನ್ನು ಸೂಪರ್‌ವೈಸರ್ ಮಾಡಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ಆ ದಿನ ನೀವು ಸುಮ್ಮನಿದ್ದದ್ದು ತಪ್ಪು. ಟಿಶ್ಯೂ ಸುತ್ತಿಕೊಂಡವನು ಮುಚ್ಚಿಟ್ಟ, ನೀವೂ ಮುಚ್ಚಿಟ್ಟಿರಿ. ಇಬ್ಬರಿಗೂ ಒಬ್ಬರದೇ ಹೆದರಿಕೆ.

ಈಗ ಮಾತಾಡುವ ವಿಷಯ. ರಶ್ ನಡುವೆ ಬೇಡವೇ ಬೇಡ. ಹುಡುಗರ ಎದುರು ಬೇಡ, ಮಾಲೀಕರ ಎದುರೂ ಬೇಡ. ಮಧ್ಯಾಹ್ನದ ಗಲಾಟೆ ಮುಗಿದು ಸಂಜೆಯ ತಯಾರಿ ಶುರುವಾಗುವ ನಡುವೆ ಒಂದು ಬಿಡುವು ಸಿಗುತ್ತದಲ್ಲ, ಆಗ ಅಡುಗೆಮನೆಯಿಂದ ಆಚೆ ಕೂತುಕೊಳ್ಳಿ. ಅಣ್ಣ ಅಂತಲೇ ಕರೆಯಿರಿ. ‘ಹುಡುಗರು ಹೀಗೆ ಹೇಳ್ತಿದ್ದಾರೆ’ ಅಂತ ಮಾತ್ರ ಶುರು ಮಾಡಬೇಡಿ. ಯಾರು ಹೇಳಿದ್ದು ಅನ್ನುವ ಹುಡುಕಾಟದಲ್ಲೇ ಮಾತು ಮುಗಿಯುತ್ತದೆ, ಸಂಜೆ ಆ ಹುಡುಗನ ಗತಿ ಏನು! ನಿಮ್ಮ ಕಣ್ಣಾರೆ ಕಂಡದ್ದನ್ನೇ ಹೇಳಿ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ಅಣ್ಣ, ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಒಬ್ಬನ ಬೆರಳು ಕೊಯ್ದಿತ್ತು. ನಿಮಗೂ ಹೇಳಿಲ್ಲ, ನನಗೂ ಹೇಳಿಲ್ಲ. ನಾನೇ ನೋಡಿದೆ. ಅದು ಅಡುಗೆಗೆ ಸೇರಿದ್ದರೆ ಹೆಸರು ಕೆಡುತ್ತಿದ್ದದ್ದು ನಿಮ್ಮದು. ಕೆಲಸದ ತಪ್ಪಿಗೆ ಎಷ್ಟು ಬೇಕಾದರೂ ಗದರಿಸಿ. ಅಪ್ಪ ಅಮ್ಮನ ಮಾತು ಬೇಡ. ಇನ್ನು ಮೇಲೆ ಗಾಯ ಆದರೆ, ಹುಷಾರಿಲ್ಲದಿದ್ದರೆ ಮೊದಲು ನನಗೆ ಹೇಳಲಿ, ನಾನು ನಿಮಗೆ ಹೇಳ್ತೀನಿ.’ ಇಷ್ಟು ಸಾಕು. ಹಳೆಯ ಬಾಕಿಯನ್ನೆಲ್ಲ ಒಂದೇ ದಿನ ತೀರಿಸಲು ಹೋಗಬೇಡಿ.

‘ನಾವೂ ಹೊಡೆತ ತಿಂದೇ ಕಲಿತದ್ದು’ ಅನ್ನುತ್ತಾರೆ, ನೋಡುತ್ತಿರಿ. ಅದು ನಿಜವೇ ಇರುತ್ತದೆ, ವಾದ ಬೇಡ. ಆದರೆ ಅದೊಂದೇ ದಾರಿ ಅಲ್ಲ. ಆಗಸ್ಟ್ ಎಸ್ಕೊಫಿಯೆ ಅಂತ ಒಬ್ಬ ಫ್ರೆಂಚ್ ಬಾಣಸಿಗ ಇದ್ದರು. 1859ರಲ್ಲಿ, 13ನೇ ವಯಸ್ಸಿಗೆ, ಸಂಬಂಧಿಕರ ಹೋಟೆಲಿನ ಅಡುಗೆಮನೆ ಸೇರಿದವರು. ಅಲ್ಲಿ ಸಾಕಷ್ಟು ಕಷ್ಟಪಟ್ಟರು. ಮುಂದೆ 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಹೋದರು. ಈ ವಿಭಾಗಕ್ಕೆ ಇವರು, ಆ ವಿಭಾಗಕ್ಕೆ ಅವರು ಅಂತ ಅಡುಗೆಮನೆಯ ಕೆಲಸ ಹಂಚುವ ಪದ್ಧತಿಯನ್ನು ಗಟ್ಟಿ ಮಾಡಿದವರು ಅವರೇ. ತಮ್ಮ ಅಡುಗೆಮನೆಯಲ್ಲಿ ಕೆಟ್ಟ ಬೈಗುಳಕ್ಕೂ ಕುಡಿತಕ್ಕೂ ಜಾಗ ಕೊಡಲಿಲ್ಲ. ತಾವು ತಿಂದದ್ದನ್ನು ಹುಡುಗರಿಗೆ ತಿನ್ನಿಸಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಈ ಕಥೆಯನ್ನು ಅಣ್ಣನಿಗೆ ಉಪದೇಶದ ಹಾಗೆ ಹೇಳಬೇಡಿ, ಅದು ಕೆಲಸ ಮಾಡೋದಿಲ್ಲ. ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ನಿಮಗೆ ಸ್ವಲ್ಪ ಚುಚ್ಚಬಹುದು. ಅಣ್ಣ ಕೂಗುವುದು ರಶ್‌ನಲ್ಲಿ ಅಂತ ನೀವೇ ಬರೆದಿದ್ದೀರಿ. ಆ ರಶ್ ಅಡುಗೆಮನೆಗೆ ಹೇಗೆ ಬಂದು ಬೀಳುತ್ತಿದೆ ಅಂತ ಯಾವತ್ತಾದರೂ ಒಲೆಯ ಪಕ್ಕ ನಿಂತು ನೋಡಿದ್ದೀರಾ? ಐದು ನಿಮಿಷದಲ್ಲಿ ಎಂಟು ಟೇಬಲ್‌ಗೆ ಜನರನ್ನು ಕೂರಿಸಿ, ಎಲ್ಲರ ಆರ್ಡರನ್ನೂ ಒಟ್ಟಿಗೆ ತೆಗೆದುಕೊಂಡರೆ ಒಲೆ ಮುಂದೆ ಎಂಟು ಚೀಟಿ ಒಮ್ಮೆಲೇ ಬೀಳುತ್ತವೆ. ಮೇಲಿಂದ ನಾಲ್ಕು ಜನ ಸಪ್ಲೈಯರ್‌ಗಳು ‘ನನ್ನದೇನಾಯ್ತು, ನನ್ನದೇನಾಯ್ತು’ ಅಂತ ಕಿಟಕಿಗೆ ಮುಗಿಬೀಳುತ್ತಾರೆ. ಆ ಸಿಟ್ಟು ಅವರ ಮೇಲೆ ತೀರುವುದಿಲ್ಲ, ಪಕ್ಕದಲ್ಲಿ ಈರುಳ್ಳಿ ಹೆಚ್ಚುವವನ ಮೇಲೆ ತೀರುತ್ತದೆ. ಇದು ನಿಮ್ಮ ಕೈಯಲ್ಲಿರುವ ಕೆಲಸ. ಬಾಗಿಲಲ್ಲಿ ಎರಡು ನಿಮಿಷ ಮಾತಾಡಿಸಿ, ನೀರು ಕೊಟ್ಟು, ಆರ್ಡರ್‌ಗಳನ್ನು ಸ್ವಲ್ಪ ಬಿಡಿಸಿ ಕಳಿಸಬಹುದು. ಅಡುಗೆಮನೆಯ ಜೊತೆ ಮಾತಾಡಲು ಶಿಫ್ಟಿಗೆ ಒಬ್ಬರೇ ಇರಲಿ. ಮೊದಲ ಕೆಲವು ವಾರ ಆ ಒಬ್ಬರು ನೀವೇ ಆಗಿ. ಹಳೆಯ ಫ್ರೆಂಚ್ ಅಡುಗೆಮನೆಗಳಲ್ಲಿ ಹೀಗೆ ಆರ್ಡರ್ ಕೂಗಿ ಹೇಳುವವನಿಗೆ ಇಟ್ಟ ಹೆಸರಿನ ಅರ್ಥವೇ ‘ಬೊಗಳುವವನು’. ನೀವು ಬೊಗಳಬೇಕಿಲ್ಲ, ನಿಧಾನಕ್ಕೆ ಹೇಳಿದರೂ ಕೇಳಿಸುತ್ತದೆ.

ಅಣ್ಣ ಕೊನೆಯ ಸಲ ಪೂರ್ತಿ ಒಂದು ದಿನ ರಜೆ ತೆಗೆದುಕೊಂಡದ್ದು ಯಾವಾಗ ಅಂತಲೂ ಡ್ಯೂಟಿ ಚಾರ್ಟ್ ತೆಗೆದು ನೋಡಿ. ‘ಅವರು ಹೋದ್ರೆ ನಿಂತುಹೋಗುತ್ತೆ’ ಅನ್ನುವ ಕಡೆ ಅಂಥವರಿಗೆ ವಾರದ ರಜೆಯೇ ಇರುವುದಿಲ್ಲ. ಬೆಂಕಿ ಮುಂದೆ ದಿನವಿಡೀ ನಿಲ್ಲುವ ಐವತ್ತು ದಾಟಿದ ಮನುಷ್ಯ. ಬೈಗುಳಕ್ಕೆ ಇದು ನೆಪ ಅಲ್ಲ. ಆದರೆ ಎರಡನೆಯ ಕುಕ್‌ಗೆ ಕೆಲಸ ಕಲಿಸಿ, ವಾರಕ್ಕೊಂದು ದಿನ ಅವನ ಕೈಗೆ ಅಡುಗೆಮನೆ ಬಿಟ್ಟರೆ ಅಣ್ಣನಿಗೆ ಉಸಿರಾಡಲು ಆಗುತ್ತದೆ. ಮಾಲೀಕರ ಹೆದರಿಕೆಯೂ ಅರ್ಧ ಇಳಿಯುತ್ತದೆ. ‘ನನ್ನ ಜಾಗಕ್ಕೆ ಆಳು ತಯಾರು ಮಾಡ್ತಿದ್ದೀಯಾ’ ಅಂತ ಅವರು ಕೇಳಬಹುದು. ರಜೆ ಮೊದಲು ಕೊಡಿಸಿ, ಕಲಿಸುವ ಮಾತು ಆಮೇಲೆ ಎತ್ತಿ.

ಮಾಲೀಕರ ಹತ್ತಿರ ಮತ್ತೆ ಹೋಗಲೇಬೇಕು. ಈ ಸಲ ದೂರು ಒಯ್ಯಬೇಡಿ, ಲೆಕ್ಕ ಒಯ್ಯಿರಿ. ಮೂವರು ಬಿಟ್ಟು ಹೋದರು. ಅವರ ಜಾಗಕ್ಕೆ ಆಳು ಸಿಗಲು ಎಷ್ಟು ದಿನ ಹಿಡಿಯಿತು, ಹೊಸಬರು ಕೈ ಹಿಡಿಯಲು ಎಷ್ಟು ವಾರ, ಅಷ್ಟರಲ್ಲಿ ಎಷ್ಟು ಆರ್ಡರ್ ವಾಪಸ್ ಬಂತು. ಅಣ್ಣನ ಬಾಯಿ ಎಷ್ಟು ದುಬಾರಿ ಅಂತ ಅವರಿಗೆ ಯಾರೂ ತೋರಿಸಿಲ್ಲ. ಜೊತೆಗೆ ಎರಡು ವಿಷಯಕ್ಕೆ ಒಪ್ಪಿಗೆ ತನ್ನಿ. ಹುಷಾರಿಲ್ಲದೆ ಮನೆಯಲ್ಲಿ ಉಳಿದವನ ದಿನಗೂಲಿ ಹಿಡಿಯಬಾರದು, ಯಾಕೆಂದರೆ ಹುಡುಗರು ಮುಚ್ಚಿಡುವುದು ಬೈಗುಳಕ್ಕೆ ಹೆದರಿ ಮಾತ್ರ ಅಲ್ಲ. ಇನ್ನೊಂದು, ನೀವು ಮಾತಾಡಿದ ಮೇಲೂ ಅಣ್ಣ ಹಾಗೇ ನಡೆದುಕೊಂಡರೆ ಮುಂದಿನ ಮಾತು ಮಾಲೀಕರೇ ಆಡಬೇಕು. ಯಾವ ದಿನ ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅಷ್ಟಾದ ಮೇಲೂ ಅಪ್ಪ ಅಮ್ಮನ ಮಾತು ನಿಲ್ಲದಿದ್ದರೆ, ಅವರು ಹೋದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ದಿನ ಕಷ್ಟ ಆಗುತ್ತದೆ, ಆಗಲಿ.

ಉಂಡ ಮನೆಗೆ ಎರಡು ಬಗೆಯುವ ಮಾತು ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಿಮಗೆ ಕೆಲಸ ಕಲಿಸುವಾಗ ಅಣ್ಣ ನಿಮ್ಮನ್ನೂ ಹೀಗೇ ಬೈಯುತ್ತಿದ್ದರಾ? ಪತ್ರದಲ್ಲಿ ಅದನ್ನು ಬರೆದಿಲ್ಲ. ಬೈದಿದ್ದರೆ ಆ ದಿನ ರಾತ್ರಿ ಮನೆಗೆ ಹೋಗುವಾಗ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬೈದಿರದಿದ್ದರೆ ಅದನ್ನೇ ಅವರಿಗೆ ಹೇಳಿ: ‘ನನಗೆ ಕಲಿಸಿದ ಹಾಗೇ ಇವರಿಗೂ ಕಲಿಸಿ ಅಣ್ಣ.’

ಇದಕ್ಕೆಲ್ಲ ಮೊದಲು, ನಾಳೆ ಬೆಳಿಗ್ಗೆ ಹೋದ ತಕ್ಷಣ ಆ ಹುಡುಗನ ಬೆರಳು ನೋಡಿ. ಕೆಂಪಾಗಿ ಊದಿಕೊಂಡಿದ್ದರೆ ಡಾಕ್ಟರ್ ಹತ್ತಿರ ಕಳಿಸಿ, ವಾಸಿಯಾಗುವವರೆಗೆ ಅಡುಗೆ ಮುಟ್ಟದ ಕೆಲಸ ಕೊಡಿ. ಒಂದು ಡಬ್ಬಿ ನೀಲಿ ಪ್ಲಾಸ್ಟರ್ ತನ್ನಿ. ನೀಲಿಯೇ ಯಾಕೆ ಅಂದರೆ ಆ ಬಣ್ಣದ ಆಹಾರ ಬಹಳ ಅಪರೂಪ, ಕಳಚಿ ಬಿದ್ದರೆ ಕಣ್ಣಿಗೆ ಬೀಳುತ್ತದೆ. ಅದನ್ನು ನಿಮ್ಮ ಕ್ಯಾಬಿನ್‌ನಲ್ಲಿ ಬೀಗ ಹಾಕಿ ಇಡಬೇಡಿ. ಕೈ ತೊಳೆಯುವ ಸಿಂಕ್ ಪಕ್ಕದಲ್ಲಿ, ಯಾರನ್ನೂ ಕೇಳದೆ ತೆಗೆದುಕೊಳ್ಳುವ ಹಾಗೆ ಇಡಿ.